ಕೋಲ್ಡ್ ರೂಮಿನ ಇಪ್ಪತ್ತಾರು ಬಾಟಲಿ

ಎರಿನ್ ಮಿಲ್ಸ್, ಮಿಸ್ಸಿಸಾಗಾ
ಭಾನುವಾರ, ೧೮ ಮೇ ೨೦೧೪

ಪೂಜ್ಯ ಅಪ್ಪನಿಗೆ,

ನಿಮ್ಮ ಮಗಳು ಆಶಾಲತಾ ಪಾದ ಮುಟ್ಟಿ ಮಾಡುವ ನಮಸ್ಕಾರ. ಇಲ್ಲಿ ನಾವು ಮೂವರೂ ಆರೋಗ್ಯವಾಗಿದ್ದೇವೆ. ಅಲ್ಲಿ ನೀವು, ತಮ್ಮ ರಮೇಶ, ಅವನ ಹೆಂಡತಿ ಮಕ್ಕಳು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಇಲ್ಲಿಂದ ಹೊರಟು ಬೆಂಗಳೂರು ಮುಟ್ಟಿದ ವಾರದಲ್ಲೇ ನೀವು ಎರಡು ಸಾಲಿನ ಕಾಗದ ಹಾಕಿದಿರಿ. ಅದಕ್ಕೆ ಉತ್ತರ ಬರೆಯಲು ನನಗೆ ಮೂರು ತಿಂಗಳು ಹಿಡಿಯಿತು. ಫಾರ್ಮಸಿಯಲ್ಲಿ ಕೆಲಸ ಜಾಸ್ತಿ, ಮದುವೆಯ ಓಡಾಟ ಎಂದೆಲ್ಲ ಬರೆದರೆ ನೀವು ನಂಬುತ್ತೀರಿ. ಆದರೆ ಸುಳ್ಳು ಹೇಳಿದ್ದು ಈಗಾಗಲೇ ಸಾಕಷ್ಟಾಗಿದೆ. ಎರಡು ಸಲ ಬರೆದು ಹರಿದು ಹಾಕಿದೆ. ಇದು ಮೂರನೆಯದು. ಕನ್ನಡ ಕೈಬರಹ ಕೆಟ್ಟುಹೋಗಿದೆ, ಒತ್ತಕ್ಷರ ತಪ್ಪಿದ್ದರೆ ಸರಿಮಾಡಿಕೊಂಡು ಓದಿ.

ಪ್ರತಿ ಭಾನುವಾರ ಫೋನಿನಲ್ಲಿ ಮಾತಾಡುತ್ತೇವಲ್ಲ, ಕಾಗದ ಯಾಕೆ ಎಂದು ನೀವು ಕೇಳಬಹುದು. ರಮೇಶ ಫೋನನ್ನು ಸ್ಪೀಕರಿಗೆ ಹಾಕಿ ನಡುಮನೆಯಲ್ಲಿ ಇಡುತ್ತಾನೆ. ಮನೆಮಂದಿಯೆಲ್ಲ ಕೇಳುತ್ತಿರುತ್ತಾರೆ. ನೀವು "ಹ್ಞೂಂ, ಆರಾಮ ಅದೀನಿ" ಎಂದು ಎದ್ದು ಹೋಗಿಬಿಡುತ್ತೀರಿ. ನಾನು ಹೇಳಬೇಕಾದ್ದು ನಡುಮನೆಯಲ್ಲಿ ಹೇಳುವಂಥದ್ದಲ್ಲ.

ಮೊದಲು ಸುದ್ದಿ ಮುಗಿಸುತ್ತೇನೆ. ನಿಶಿತಾಳ ಮದುವೆ ಆಗಸ್ಟ್ ಇಪ್ಪತ್ತಮೂರರಂದೇ, ಶನಿವಾರ. ಛತ್ರ ಎಂದರೆ ಇಲ್ಲಿ ಬ್ಯಾಂಕ್ವೆಟ್ ಹಾಲು, ಅದಕ್ಕೆ ಮುಂಗಡ ಕೊಟ್ಟಾಯಿತು. ಅಡುಗೆಯವರು ಹೋಳಿಗೆಗೆ ಒಪ್ಪಿದ್ದಾರೆ, ಜೋಳದ ರೊಟ್ಟಿಗೆ ಒಪ್ಪಿಲ್ಲ. ನಿಮ್ಮ ಅಳಿಯ ಗಿರೀಶ್ ಹೊಸ ಸೂಟು ಹೊಲಿಸುತ್ತೇನೆಂದು ಹೇಳಿ ತೂಕ ಇಳಿಸಲು ಹೊರಟು ನಾಲ್ಕೇ ದಿನಕ್ಕೆ ಬಿಟ್ಟರು. ಹಿಮವೆಲ್ಲ ಕರಗಿ ಹುಲ್ಲು ಬಂದಿದೆ. ಇನ್ನು ನಿಮ್ಮ ಟಿಕೆಟ್ಟಿನ ವಿಷಯ. ನಿಮಗೆ ಮೊಣಕಾಲು ನೋವು, ಅಷ್ಟು ದೂರ ಕೂತು ಬರಲು ಆಗುವುದಿಲ್ಲವಂತೆ ಎಂದು ರಮೇಶ ಹೇಳಿದ.

ಅಪ್ಪ, ಆ ಮೊಣಕಾಲು ನನಗೆ ಗೊತ್ತು. ಅಕ್ಟೋಬರಿನಲ್ಲಿ ಐದು ದಿನ, ಆರಾರು ಗಂಟೆಗೊಮ್ಮೆ ಬೇಸ್‌ಮೆಂಟಿನ ನೆಲಕ್ಕೆ ಕೂತು ಮೊಳಕೆಯ ಬಾರ್ಲಿ ತಿರುವಿ ಹಾಕಿದ ಮೊಣಕಾಲು ಅದು. ನೀವು ನಿಮ್ಮ ಮೊಮ್ಮಗಳ ಮದುವೆಗೆ ಬರದೆ ಹೋದರೆ ಕಾರಣ ಅದಲ್ಲ, ನಾನು. ನಾನು ಮಾಡಿದ್ದು ನನಗೂ ಗೊತ್ತು, ನಿಮಗೂ ಗೊತ್ತು. ಇಬ್ಬರೂ ಗೊತ್ತಿಲ್ಲದವರ ಹಾಗೆ ಇದ್ದೇವೆ. ಅದನ್ನು ಬಾಯಿಬಿಟ್ಟು ಹೇಳದೆ "ಬನ್ನಿ" ಎಂದು ಕರೆಯುವ ಮುಖ ನನಗಿಲ್ಲ. ಆದ್ದರಿಂದ ನಿಮಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ.

ಶುರುವಾದದ್ದು ಕಳೆದ ಜೂನ್ ತಿಂಗಳಲ್ಲಿ. ನಿಶಿತಾ, ರೋಹಿತ್ ಇಬ್ಬರೂ ಯೂನಿವರ್ಸಿಟಿಯಿಂದಲೇ ಪರಿಚಯದವರು, ತಾವೇ ಒಪ್ಪಿಕೊಂಡು ಬಂದು ನಮಗೆ ಹೇಳಿದವರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ರೋಹಿತನ ತಾಯಿ ವಸುಧಾ ಅವರು ವಿಟ್ಬಿಯಿಂದ ಫೋನು ಮಾಡಿ, ಮೈಸೂರಿನಲ್ಲಿರುವ ತಮ್ಮ ಅತ್ತೆಗೆ ತೋರಿಸಬೇಕು, ಒಂದು ಬಯೋಡೇಟಾ ಕಳಿಸಿ, ಮನೆತನದ ವಿವರ ಇರಲಿ ಎಂದು ಕೇಳಿದರು. ನಾನು ಕಂಪ್ಯೂಟರ್ ಮುಂದೆ ಕೂತೆ. ತಂದೆ, ತಾಯಿ, ಅಜ್ಜ, ಅಜ್ಜಿ. "ತಾಯಿಯ ತಂದೆ" ಎಂಬ ಸಾಲು ಬಂದಾಗ ಹೀಗೆ ಟೈಪು ಮಾಡಿದೆ: ಶ್ರೀ ಮುರಿಗೆಪ್ಪ, ನಿವೃತ್ತ ಅಧಿಕಾರಿ, ಕೃಷಿ ಇಲಾಖೆ, ಕರ್ನಾಟಕ ಸರ್ಕಾರ. ಒಂದು ನಿಮಿಷವೂ ಆಗಲಿಲ್ಲ. ಎಷ್ಟೋ ವರ್ಷದಿಂದ ಮನಸ್ಸಿನಲ್ಲಿ ತಯಾರಾಗಿಯೇ ಇತ್ತು ಅನ್ನಿಸುತ್ತದೆ.

ಸೆಪ್ಟೆಂಬರಿನಲ್ಲಿ ನೀವು ಬಂದ ಮರುದಿನವೇ ಅಡುಗೆಮನೆಯಲ್ಲಿ ನಿಮಗೆ ಅದನ್ನು ಹೇಳಿದೆ. ಹೇಳುವಾಗ ನಿಮ್ಮ ಮುಖ ನೋಡಲಿಲ್ಲ, ಬೀನ್ಸ್ ನಾರು ತೆಗೆಯುತ್ತಿದ್ದೆ. ನೀವು, "ಸರಕಾರಿ ನೌಕರಿ ಕೊಡಿಸಿದಿ. ಪಿಂಚಣಿನೂ ಬರತೈತೇನು?" ಎಂದಿರಿ. ನಾನು ನಕ್ಕೆ. ನಕ್ಕು ಮುಗಿದ ಮೇಲೆ ನೀವು ಮೆಲ್ಲಗೆ, "ನಾನಾಗಿ ಏನೂ ಹೇಳಂಗಿಲ್ಲವ್ವಾ. ಆದರ ಯಾರರ ಎದುರಿಗೆ ಕುಂತು ಕೇಳಿದರ, ಸುಳ್ಳು ಹೇಳಾಕ ಬರಂಗಿಲ್ಲ ನನಗ" ಎಂದಿರಿ. ಯಾರು ಕೇಳುತ್ತಾರೆ ಬಿಡಿ ಅಪ್ಪ, ಎಂದೆ.

ಯಾಕೆ ಹಾಗೆ ಬರೆದೆ ಎಂದು ನೀವು ಕೇಳಲಿಲ್ಲ. ಕೇಳಬೇಕಾದ ಅಗತ್ಯವೂ ನಿಮಗಿರಲಿಲ್ಲ. ಎಂಬತ್ತನಾಲ್ಕರಲ್ಲಿ ದಾವಣಗೆರೆಯ ಆ ಲೆಕ್ಚರರ ಮನೆಯವರು ನನ್ನನ್ನು ನೋಡಲು ಬಂದಿದ್ದು ನಿಮಗೆ ನೆನಪಿದೆ. ಉಪ್ಪಿಟ್ಟು ತಟ್ಟೆ ಕೈಗೆ ತೆಗೆದುಕೊಂಡಿದ್ದರು. ಹುಡುಗನ ಸೋದರಮಾವ ನೀವು ಎಲ್ಲಿ ಕೆಲಸ ಮಾಡುವುದೆಂದು ಕೇಳಿದ, ನೀವು ಬಿಯರ್ ಕಾರ್ಖಾನೆ, ಬಾರ್ಲಿಗೆ ಮೊಳಕೆ ಬರಿಸುವ ಮಾಲ್ಟ್ ವಿಭಾಗ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಿರಿ. ಅವರು ತಟ್ಟೆಗಳನ್ನು ಹಾಗೇ ಕೆಳಗಿಟ್ಟು ಎದ್ದರು. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಕೆಲಸ ನೋಡಿದರೆ ಹೆಂಡದ್ದು ಎಂದು ಬಾಗಿಲ ಹೊರಗೆ ನಿಂತು ಅಂದದ್ದು ನಮಗೆಲ್ಲ ಕೇಳಿಸಿತು. ಅವ್ವ ಆ ಉಪ್ಪಿಟ್ಟನ್ನು ಆಕಳಿಗೆ ಹಾಕಿದಳು. ಹನಿ ಕುಡಿಯದವರು ನೀವು, ದಿನಾ ಪೂಜೆ ಮಾಡದೆ ನೀರು ಮುಟ್ಟದವರು. ಆದರೂ ಆವತ್ತು ನನಗೆ ಸಿಟ್ಟು ಬಂದದ್ದು ಅವರ ಮೇಲಲ್ಲ, ನಿಮ್ಮ ಮೇಲೆ. ಬೇರೆ ಏನಾದರೂ ಹೇಳಬಾರದಿತ್ತೇ ಎಂದು. ಇಪ್ಪತ್ತೊಂಬತ್ತು ವರ್ಷ ಆದಮೇಲೆ ನಾನೇ ಹೇಳಿಬಿಟ್ಟೆ.

ಇನ್ನು ನೀವು ಇಲ್ಲಿ ಮಾಡಿದ ಆ ಲಾಗರ್ ಬಿಯರಿನ ವಿಷಯ. ನಿಜ ಹೇಳುತ್ತೇನೆ, ಮೊದಮೊದಲು ನನಗೆ ಅದರಿಂದ ಸಂತೋಷವೇ ಆಗಿತ್ತು. ನೀವು ಇಲ್ಲಿ ಬಂದು ಟಿವಿ ಮುಂದೆ ಕೂತು ಬೇಸರಪಡುತ್ತಿದ್ದಿರಿ. ಪಕ್ಕದ ಮನೆಯ ಸ್ಟೀಫನ್‌ನ ಬೇಲಿಯ ಮೇಲೆ ಹಬ್ಬಿದ ಹಸಿರು ಬಳ್ಳಿಯನ್ನು ನೀವು ಒಂದು ದಿನ ನೋಡಿ, ಅದರ ಹೂವನ್ನು ಕೈಯಲ್ಲಿ ತಿಕ್ಕಿ ಮೂಸಿ, ಓಡಿಬಂದು ಗಿರೀಶನಿಗೆ ಹೇಳಿದಿರಿ: ಇದು ಹಾಪ್ಸ್, ಬಿಯರಿಗೆ ಕಹಿ ಕೊಡುವ ಹೂವು, ಕಾರ್ಖಾನೆಗೆ ಒಣಗಿಸಿ ಮೂಟೆಯಲ್ಲಿ ಬರುತ್ತಿತ್ತು, ಬಳ್ಳಿಯ ಮೇಲೆ ನಾನು ಇದನ್ನು ಕಂಡೇ ಇರಲಿಲ್ಲ ಎಂದು. ಎಂಬತ್ತು ವರ್ಷದವರು ಓಡಿದ್ದನ್ನು ನೋಡಿ ನನಗೆ ಗಾಬರಿಯಾಗಿತ್ತು. ಸ್ಟೀಫನ್ ತಾನು ಅದನ್ನು ನೆರಳಿಗೆಂದು ಬೆಳೆಸಿದ್ದು, ಬೇಕಾದರೆ ಎಲ್ಲ ಕಿತ್ತುಕೊಳ್ಳಿ ಎಂದ. ಎಲ್ಲ ಎಂದರೆ ಒಣಗಿಸಿದ ಮೇಲೆ ಎರಡು ಹಿಡಿ. ಅಷ್ಟರಲ್ಲಿ ಎಷ್ಟಾಗುತ್ತದೋ ಅಷ್ಟೇ ಮಾಡೋಣ ಎಂದು ನೀವೂ ಗಿರೀಶನೂ ತೀರ್ಮಾನ ಮಾಡಿದಿರಿ. ಕಹಿ ಸಾಲದಿದ್ದರೆ ಒಂದಿಷ್ಟು ಮೆಂತ್ಯ ಹಾಕಿ ಎಂದು ನಾನು ಹೇಳಿದ್ದಕ್ಕೆ ನೀವು ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಬಾರ್ಲಿ ಬೇಕೆಂದಾಗ ನಾನು ಅಂಗಡಿಯಿಂದ ಬಿಳಿ ಬಾರ್ಲಿ ತಂದುಕೊಟ್ಟೆ. ನೀವು ನಾಲ್ಕು ಕಾಳು ಅಂಗೈಯಲ್ಲಿ ಹಾಕಿಕೊಂಡು, ಸಿಪ್ಪೆ ತೆಗೆದು ಪಾಲಿಶ್ ಮಾಡಿದ್ದಾರೆ, ಇದು ಪಾಯಸಕ್ಕೇ ಸರಿ, ಮೊಳಕೆ ಬರುವುದಿಲ್ಲ ಎಂದಿರಿ. ಗಿರೀಶ್ ನಿಮ್ಮನ್ನು ಕಾರಿನಲ್ಲಿ ಕೂರಿಸಿಕೊಂಡು ಜಾರ್ಜ್‌ಟೌನ್ ಆಚೆ ಕುದುರೆ ಮೇವು ಮಾರುವ ಅಂಗಡಿಯಿಂದ ಸಿಪ್ಪೆ ಬಾರ್ಲಿ ತಂದರು. ಅದೂ ಪೂರ್ತಿ ಚೆನ್ನಾಗಿರಲಿಲ್ಲ, ಅರ್ಧಕ್ಕರ್ಧ ಆರಿಸಿ ತೆಗೆದಿರಿ. ಕಡಿಮೆ ಬಿದ್ದದ್ದಕ್ಕೆ ನಮ್ಮ ಮನೆಯ ರಾಗಿ ಸೇರಿತು. ಬಟ್ಟೆ ಒಗೆಯುವ ತೊಟ್ಟಿಯಲ್ಲಿ ನೆನೆಸಿ, ಹಳೇ ಬೆಡ್‌ಶೀಟಿನ ಮೇಲೆ ಹರವಿ, ಮೊಳಕೆ ಹೆಣೆದುಕೊಳ್ಳದ ಹಾಗೆ ತಿರುವಿ ತಿರುವಿ ಹಾಕಿದಿರಿ. ಬೇಸ್‌ಮೆಂಟಿಗೆಲ್ಲ ಎಳೇ ಸೌತೆಕಾಯಿಯ ವಾಸನೆ ಬಂದಿತ್ತು. ಐದನೆಯ ದಿನ ಒಂದು ಕಾಳನ್ನು ಹೆಬ್ಬೆರಳಲ್ಲಿ ಒತ್ತಿ ಹಿಟ್ಟನ್ನು ಗೋಡೆಗೆ ಗೀಚಿದಿರಿ. ಸೀಮೆಸುಣ್ಣದಂತೆ ಬೆಳ್ಳಗೆ ಗೆರೆ ಬಿತ್ತು. "ಹಿಂಗ ಬರದರ ಮಾಲ್ಟ್ ಆಗೈತಿ ಅಂತ ಲೆಕ್ಕ. ಮಿಶೀನು ಏನೂ ಬ್ಯಾಡ, ಗ್ವಾಡಿ ಇದ್ದರ ಸಾಕು" ಎಂದು ಗಿರೀಶನಿಗೆ ಪಾಠ ಹೇಳಿದಿರಿ. ನನ್ನ ಬಿಳೀ ಗೋಡೆ ಎಂದು ನಾನು ಗೊಣಗಿದೆ.

ನವೆಂಬರಿನಲ್ಲಿ ಇಲ್ಲಿನ ಕನ್ನಡ ಸಂಘದ ಬಿಸಿಬೇಳೆಭಾತ್ ಮಾಡುವ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿದಿರಿ. ಥರ್ಮಾಮೀಟರು ಇಲ್ಲದೆ, ಬೆರಳು ಅದ್ದಿ ಒಂದು ಅನ್ನುವುದರೊಳಗೆ ಎಳೆದುಕೊಳ್ಳುವಷ್ಟು ಬಿಸಿ. ಒಣಗಿಸಿ, ಹುರಿದು, ಒಡೆದ ಮಾಲ್ಟನ್ನು ಅದರಲ್ಲಿ ನೆನೆಸಿ, ನಿಮ್ಮ ಪಂಚೆಯಲ್ಲಿ ಸೋಸಿ, ಹೂವು ಹಾಕಿ ಕುದಿಸಿ ಆರಿಸಿದ್ದಾಯಿತು. ಹೊರಗಿನಿಂದ ಕೊಂಡದ್ದು ಲಾಗರ್ ಯೀಸ್ಟಿನ ಒಂದು ಪೊಟ್ಟಣ ಮಾತ್ರ. ಇದು ಥಂಡಿಯಲ್ಲಿ ಮೆಲ್ಲಗೆ ಆಗುವ ಬಿಯರು, ಅವಸರ ಮಾಡಿದರೆ ಕೆಡುತ್ತದೆ ಎಂದು ಹೇಳಿ, ನಾನು ಈರುಳ್ಳಿ, ಬೂದಗುಂಬಳ ಇಡುವ ಕೋಲ್ಡ್ ರೂಮಿನ ಗೋಡೆಗೆ ಅಂಗೈ ಒತ್ತಿ ನೋಡಿ ಒಪ್ಪಿದಿರಿ. ಮೂರು ವಾರಕ್ಕೆ ಸ್ಟೀಫನ್ ಕೊಟ್ಟ ಹಳೇ ಬಾಟಲಿಗಳಿಗೆ ತುಂಬಿದಿರಿ, ತಂತಿಯ ಬಿರಡೆ ಇರುವವು, ಒಟ್ಟು ಇಪ್ಪತ್ತಾರು. ನಿಶ್ಚಿತಾರ್ಥದ ದಿನದ ತನಕ ಯಾರೂ ಮುಟ್ಟುವ ಹಾಗಿಲ್ಲ ಎಂದು ಗಿರೀಶನಿಂದ ಮಾತು ತೆಗೆದುಕೊಂಡಿರಿ. ಪಾಪ, ಅವರು ದಿನಾ ಬಾಗಿಲು ತೆಗೆದು ನೋಡಿ ಮುಚ್ಚುತ್ತಿದ್ದರು.

ನೀವು ಮಾಡಿದ್ದನ್ನು ನೀವು ರುಚಿ ನೋಡುವವರಲ್ಲ. ಕಾರ್ಖಾನೆಯಲ್ಲಿ ರುಚಿ ನೋಡುವವರು ಬೇರೆ ಇದ್ದರು, ಮೇಲಿನ ಮಹಡಿಯಲ್ಲಿ, ಈ ಸಲ ಮಾಲ್ಟ್ ಹೇಗಿತ್ತು ಎಂದು ಕೆಳಗೆ ಬಂದು ಯಾರೂ ಹೇಳುತ್ತಿರಲಿಲ್ಲ, ದೂರು ಇದ್ದರೆ ಮಾತ್ರ ಬರುತ್ತಿದ್ದರು. ಡಿಸೆಂಬರಿನಲ್ಲಿ ಐಸ್ ಬಿರುಗಾಳಿ ಬಂದು ಮೂರು ದಿನ ಕರೆಂಟು ಹೋಗಿತ್ತಲ್ಲ, ಎಲ್ಲರೂ ಗ್ಯಾಸ್ ಬೆಂಕಿಗೂಡಿನ ಮುಂದೆ ಹಾಸಿಗೆ ಹಾಕಿಕೊಂಡಿದ್ದೆವಲ್ಲ, ಆಗ ನೀವು ಇದನ್ನು ಹೇಳಿದ್ದು. ನಗುತ್ತಲೇ ಹೇಳಿದಿರಿ. ನಿಶಿತಾ "That's so unfair, Ajja" ಎಂದಳು. ನಾನು ಕಂಬಳಿ ಸರಿಮಾಡಿಕೊಂಡೆ.

ಸಂಕ್ರಾಂತಿ ಕಳೆದ ಮೇಲೆ ಎಳ್ಳು ಬೆಲ್ಲದ ಡಬ್ಬಿಗಳನ್ನು ತೊಳೆಯುವಾಗ ನೀವು ಬಂದು ಪಕ್ಕದಲ್ಲಿ ನಿಂತಿರಿ. ನಿಶ್ಚಿತಾರ್ಥಕ್ಕೆ ಬೀಗರಿಗೆ ಕೊಡುವ ತಟ್ಟೆಗಳು ಎಷ್ಟು ಎಂದು ಕೇಳಿದಿರಿ. ಹನ್ನೊಂದು ಎಂದೆ. ಆಗ ನೀವು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ.

"ಸಕ್ಕರಿ ಕಾರ್ಖಾನ್ಯಾಗ ಇರಾಂವ ಬೀಗರಿಗೆ ಸಕ್ಕರಿ ಕೊಡತಾನ. ಮಗ್ಗ ನೇಯಾಂವ ಸೀರಿ ಕೊಡತಾನ. ನಾನು ಮೂವತ್ನಾಕು ವರ್ಷ ದುಡಿದೆ, ಇದು ನನ್ನ ಕೈಯಾಗಿಂದು ಅಂತ ಯಾರ ತಟ್ಟಿಯಾಗೂ ಏನೂ ಇಡಾಕ ಆಗಲಿಲ್ಲ. ನಿನ್ನ ಮದುವ್ಯಾಗೂ ಬರಿಗೈಲೆ ನಿಂತಿದ್ದೆ. ಈ ದೇಶದಾಗ ಇದಕ್ಕೇನು ಸಂಕೋಚ ಇಲ್ಲಂತ, ಡಾಕ್ಟ್ರೂ ತಗೊಂತಾರಂತ, ಗಿರೀಶ ಹೇಳಿದ. ಹನ್ನೆರಡನೇ ತಟ್ಟಿ ಒಂದು ಮಾಡೂನೇನವ್ವಾ?"

ನೋಡೋಣ ಅಪ್ಪ, ಎಂದೆ. ನೋಡೋಣ ಎಂದರೆ ನಮ್ಮ ಮನೆಯಲ್ಲಿ ಇಲ್ಲ ಎಂದೇ ಅರ್ಥ. ಆದರೆ ನೀವು ಹೂಂ ಎಂದು ತಿಳಿದುಕೊಂಡಿರಿ. ಮರುದಿನವೇ ನಿಶಿತಾಳನ್ನು ಕರೆದುಕೊಂಡು ಹೋಗಿ ಕೆಂಪು ರಿಬ್ಬನ್ ತಂದಿರಿ.

ಒಂದು ವಾರ ನನಗೆ ಊಟ ಸೇರಲಿಲ್ಲ. ಕೃಷಿ ಇಲಾಖೆಯ ಅಧಿಕಾರಿ ತಟ್ಟೆಯಲ್ಲಿ ಬಿಯರ್ ಬಾಟಲಿ ಇಟ್ಟು ಕೊಡುತ್ತಾನೆ, ರೋಹಿತನ ತಂದೆ ಡಾಕ್ಟರ್ ಗೋಪಾಲ ಅವರು ಇದೆಲ್ಲಿ ಕಲಿತಿರಿ ಎಂದು ಕೇಳುತ್ತಾರೆ, ನೀವು ಇದ್ದದ್ದು ಇದ್ದ ಹಾಗೆ ಹೇಳುತ್ತೀರಿ, ವಸುಧಾ ಅವರ ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ ಇರುತ್ತದೆ. ಇದೇ ಚಿತ್ರ ಮತ್ತೆ ಮತ್ತೆ. ನಿಮ್ಮ ಹತ್ತಿರ ಕೂತು, ಅಪ್ಪ ನನಗೆ ಭಯ, ಬೇಡ ಎಂದಿದ್ದರೆ ನೀವು ತಕ್ಷಣ ಬಿಟ್ಟುಬಿಡುತ್ತಿದ್ದಿರಿ. ಅಷ್ಟು ಹೇಳುವ ಧೈರ್ಯವೂ ನನಗಿರಲಿಲ್ಲ.

ನಿಶ್ಚಿತಾರ್ಥ ಭಾನುವಾರ. ಹಿಂದಿನ ದಿನ ಮಧ್ಯಾಹ್ನ ನೀವೂ ಗಿರೀಶನೂ ಹೂವು, ಬಾಳೆಲೆ ತರಲು ಹೋದಿರಿ. ನಿಶಿತಾ ಮೆಹೆಂದಿಗೆ ಹೋಗಿದ್ದಳು. ನಾನು ಕೋಲ್ಡ್ ರೂಮಿನಿಂದ ಬಾಟಲಿಗಳನ್ನು ಎತ್ತಿ ಎತ್ತಿ ತಂದು, ನೀವು ಬಾರ್ಲಿ ನೆನೆಸಿದ ಅದೇ ತೊಟ್ಟಿಗೆ ಸುರಿದೆ. ಇಪ್ಪತ್ತಾರನ್ನೂ ಖಾಲಿ ಮಾಡಿದೆ. ನೊರೆ ಇಳಿದು ಹೋಗಲು ಬಹಳ ಹೊತ್ತು ಹಿಡಿಯಿತು, ನಲ್ಲಿ ಬಿಟ್ಟುಕೊಂಡು ನಿಂತಿದ್ದೆ. ಬಾಟಲಿ ತೊಳೆದು ರೀಸೈಕ್ಲಿಂಗಿನ ನೀಲಿ ಡಬ್ಬದ ಅಡಿಯಲ್ಲಿ ಹಾಕಿ ಮೇಲೆ ಪೇಪರು ಮುಚ್ಚಿದೆ. ನೆಲ ಒರೆಸಿದೆ. ನೀವು ಬಂದಾಗ, ಥಂಡಿ ವಿಪರೀತವಾಗಿ ಬಾಟಲಿಗಳೆಲ್ಲ ಹೆಪ್ಪುಗಟ್ಟಿ ಒಡೆದುಹೋಗಿದ್ದವು, ಗಾಜು ಯಾರಿಗಾದರೂ ಚುಚ್ಚೀತು ಎಂದು ಎಲ್ಲ ತೆಗೆದು ಹಾಕಿದೆ ಎಂದು ಹೇಳಿದೆ. ಆ ವಾರ ಹೊರಗೆ ಮೈನಸ್ ಇಪ್ಪತ್ತು ಇತ್ತು, ನಂಬುವಂಥ ಸುಳ್ಳು.

"ಎಲ್ಲಾನೂ?" ಎಂದು ಕೇಳಿದಿರಿ. ಎಲ್ಲವೂ ಎಂದೆ. ನೀವು ಹತ್ತಿರ ಬಂದು ನನ್ನ ಎರಡೂ ಕೈ ಹಿಡಿದು, ಅಂಗೈ ಮೇಲೆ ಮಾಡಿ, ಬೆರಳು ಬೆರಳು ತಿರುಗಿಸಿ ನೋಡಿದಿರಿ. "ಗಾಜು ಹತ್ತಲಿಲ್ಲಲ?" ಎಂದಿರಿ. ಅಪ್ಪ, ಆಗಲೇ ಹೇಳಿಬಿಡಬೇಕಿತ್ತು. ಹೂವು ಫ್ರಿಜ್ಜಿಗೆ ಇಡಬೇಕು ಎಂದು ಕೈ ಬಿಡಿಸಿಕೊಂಡೆ.

ಮರುದಿನ ಎಲ್ಲ ಚೆನ್ನಾಗಿಯೇ ಆಯಿತು. ನೀವು ಜರಿ ಪೇಟ ಸುತ್ತಿಕೊಂಡು ಎಷ್ಟು ಲಕ್ಷಣವಾಗಿದ್ದಿರಿ. ಊಟವಾದ ಮೇಲೆ ಡಾಕ್ಟರ್ ಗೋಪಾಲ ಅವರೂ ನೀವೂ ಕಿಟಕಿಯ ಪಕ್ಕದ ಸೋಫಾದಲ್ಲಿ ಕೂತು ಬಹಳ ಹೊತ್ತು ಮಾತಾಡಿದಿರಿ. ನಾನು ಕೋಸಂಬರಿ ಬಡಿಸುವ ನೆಪದಲ್ಲಿ ಹತ್ತಿರ ಸುಳಿದೆ. ರಾಗಿ ಎಷ್ಟು ದಿನಕ್ಕೆ ಮೊಳಕೆ ಒಡೆಯುತ್ತದೆ, ಬಾರ್ಲಿ ಎಷ್ಟು ದಿನಕ್ಕೆ ಎಂಬ ಮಾತು ಕಿವಿಗೆ ಬಿತ್ತು. ಕೃಷಿ ಇಲಾಖೆ ಎಂದು ಬರೆದದ್ದು ಎಷ್ಟು ಸರಿಯಾಯಿತು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಇದನ್ನು ಬರೆಯುವಾಗ ನನಗೆ ನನ್ನ ಮೇಲೆ ಹೇಸಿಗೆ ಬರುತ್ತಿದೆ.

ನಾನು ಎಲ್ಲ ಯೋಚಿಸಿದ್ದೆ, ಒಂದನ್ನು ಬಿಟ್ಟು. ಮಂಗಳವಾರ ಬೆಳಿಗ್ಗೆ ನೀಲಿ ಡಬ್ಬ ರಸ್ತೆಯಂಚಿಗೆ ಇಡುವ ಕೆಲಸ ನೀವು ಬಂದಾಗಿನಿಂದ ನಿಮ್ಮದು. ನಾನು ಕಾಫಿಗೆ ಹಾಲು ಇಟ್ಟು ಕಿಟಕಿಯಲ್ಲಿ ನೋಡಿದರೆ ನೀವು ಗಿರೀಶನ ದೊಡ್ಡ ಜಾಕೆಟ್ಟಿನಲ್ಲಿ, ಹಿಮದ ಮೇಲೆ, ಡಬ್ಬದ ಮುಂದೆ ಬಗ್ಗಿದ್ದಿರಿ. ಭಾರ ಯಾಕೆ ಇಷ್ಟು ಎಂದು ನೋಡಲು ಪೇಪರು ಎತ್ತಿದ್ದಿರಿ. ಒಂದು ಬಾಟಲಿ ತೆಗೆದು, ಬಿರಡೆ ತೆಗೆದು ಮೂಸಿದಿರಿ. ಇನ್ನೊಂದನ್ನು ತೆಗೆದಿರಿ. ಒಂದರಲ್ಲೂ ಬಿರುಕಿಲ್ಲ. ಆಮೇಲೆ ಎಲ್ಲವನ್ನೂ ಒಳಗಿಟ್ಟು, ಯಾರಿಗೂ ಕಾಣದ ಹಾಗೆ ಪೇಪರು ಮತ್ತೆ ಮುಚ್ಚಿ, ಗಾಳಿಗೆ ಹಾರದಿರಲೆಂದು ಅದರ ಮೇಲೆ ಹಿಮದ ಹೆಂಟೆ ಇಟ್ಟಿರಿ. ಒಳಗೆ ಬಂದು ಕಾಫಿ ಕೇಳಿದಿರಿ. ನಾನು ಕೊಟ್ಟೆ. ಅದೇ ವಾರ ನೀವು ರಮೇಶನಿಗೆ ಫೋನು ಮಾಡಿ ಟಿಕೆಟ್ಟು ಒಂದು ತಿಂಗಳು ಮುಂಚೆ ಮಾಡಿಸಿಕೊಂಡಿರಿ. ಇಲ್ಲಿನ ಥಂಡಿ ತಡೆಯಲಾಗುತ್ತಿಲ್ಲ ಎಂದು ಎಲ್ಲರಿಗೂ ಹೇಳಿದಿರಿ.

ಈಗ ಹೋದ ವಾರದ ಸಂಗತಿ. ಆಮಂತ್ರಣ ಪತ್ರಿಕೆಯ ಕರಡು ತೋರಿಸಲು ನಾನೊಬ್ಬಳೇ ವಿಟ್ಬಿಗೆ ಹೋಗಿದ್ದೆ. ಅಜ್ಜನ ಹೆಸರಿನ ಮುಂದೆ ಹುದ್ದೆ ಹಾಕಿಸಬೇಕೇ ಎಂದು ವಸುಧಾ ಅವರು ಸಹಜವಾಗಿ ಕೇಳಿದರು. ನನಗೆ ಏನಾಯಿತೋ, ಅಲ್ಲೇ ಅಳು ಬಂತು. ಬಯೋಡೇಟಾದಲ್ಲಿ ಬರೆದದ್ದು ಸುಳ್ಳು, ನಮ್ಮ ತಂದೆ ಬಿಯರ್ ಕಾರ್ಖಾನೆಯಲ್ಲಿ ಮಾಲ್ಟ್ ಮಾಡುತ್ತಿದ್ದರು ಎಂದು ಹೇಳಿದೆ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ಡಾಕ್ಟರು, "ಅದು ನಮಗೆ ಗೊತ್ತು ಕಣಮ್ಮ. ಅವತ್ತೇ ಗೊತ್ತಾಯ್ತು" ಎಂದರು.

ಆ ಸೋಫಾದ ಮೇಲೆ ಅವರು ನಿಮ್ಮನ್ನು, ಕೃಷಿ ಇಲಾಖೆಯಲ್ಲಿ ಯಾವ ಜಿಲ್ಲೆಯಲ್ಲಿ ಇದ್ದಿರಿ ಎಂದು ಕೇಳಿದರಂತೆ. ಎದುರಿಗೆ ಕೂತು ಕೇಳಿದರೆ ಸುಳ್ಳು ಹೇಳಲು ಬರುವುದಿಲ್ಲ ಎಂದು ನೀವು ನನಗೆ ಮೊದಲೇ ಹೇಳಿದ್ದಿರಿ. ನೀವು ಅವರಿಗೆ ಏನು ಹೇಳಿದಿರಿ ಎಂಬುದನ್ನು ಅವರು ನಿಮ್ಮ ಮಾತಿನಲ್ಲೇ ಹೇಳಿದರು, ಮೈಸೂರಿನವರ ಬಾಯಲ್ಲಿ ನಿಮ್ಮ ಮಾತು ಕೇಳಿ ನನಗೆ ಇನ್ನೂ ಕಷ್ಟವಾಯಿತು. "ನಾನು ಇಲಾಖ್ಯಾಗ ಇರಲಿಲ್ಲ ಡಾಕ್ಟ್ರೇ, ಬಿಯರ್ ಕಾರ್ಖಾನ್ಯಾಗ ಇದ್ದೆ. ಅದರಿಂದ ನನ್ನ ಮಗಳು ಸಣ್ಣಾಕಿದ್ದಾಗಿಂದ ಭಾಳ ನೊಂದಾಳ. ಆಕಿ ಹೇಳಿದ್ದೇ ಇರಲಿ. ನಿಮಗ ಗೊತ್ತೈತಿ ಅಂತ ಆಕಿಗೆ ತಿಳಿಯೋದು ಬ್ಯಾಡ." ನಿಮಗೆ ಕೊಡಲು ಒಂದಿಷ್ಟು ಮಾಡಿದ್ದೆ, ಥಂಡಿಗೆ ಒಡೆದು ಹೋಯಿತು, ಮುಂದೆ ಎಂದಾದರೂ ಮಾಡಿಕೊಡುತ್ತೇನೆ ಎಂದೂ ಹೇಳಿದಿರಂತೆ.

ಅವರಿಬ್ಬರೂ ನಾಲ್ಕು ತಿಂಗಳಿಂದ ನನಗೆ ತಿಳಿಯದ ಹಾಗೆ ನಡೆದುಕೊಂಡಿದ್ದಾರೆ. ಹಿರಿಯರಿಗೆ ಮಾತು ಕೊಟ್ಟಿದ್ವಿ, ಅದಕ್ಕೆ, ಎಂದರು ವಸುಧಾ ಅವರು. ನಿಮ್ಮ ತಂದೆ ಸಿಕ್ಕರೆ ಇನ್ನೂ ಬೇಕಾದಷ್ಟು ಕೇಳುವುದಿದೆ, ಮದುವೆಗೆ ಬರುತ್ತಾರಲ್ಲ ಎಂದು ಡಾಕ್ಟರು ಕೇಳಿದರು. ಮೊಣಕಾಲು ನೋವು ಎಂದೆ. ಬಾಟಲಿ ಒಡೆದಿರಲಿಲ್ಲ ಎಂಬುದನ್ನು ಅವರಿಗೆ ಹೇಳಲು ಮಾತ್ರ ನನ್ನಿಂದ ಆಗಲಿಲ್ಲ. ವಾಪಸು ಬರುವಾಗ ಯಾವುದೋ ಪ್ಲಾಜಾದ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ ಒಂದು ಗಂಟೆ ಕೂತಿದ್ದೆ. ಮನೆಗೆ ಬಂದು ಗಿರೀಶನಿಗೆ ಎಲ್ಲ ಹೇಳಿದೆ. ಅವರು ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಮೂರನೆಯ ದಿನ, ಮೊದಲು ನಿಮ್ಮಪ್ಪನಿಗೆ ಬರಿ, ಆಮೇಲೆ ಮಾತಾಡು ಎಂದರು.

ಬರೆದಿದ್ದೇನೆ ಅಪ್ಪ. ನಿಮ್ಮ ಕೆಲಸದಿಂದ ನನಗೆ ನೋವಾಯಿತೆಂದು ನೀವು ಅವರಿಗೆ ಹೇಳಿದಿರಿ. ನೋವು ಮಾಡಿದವರು ತಟ್ಟೆ ಕೆಳಗಿಟ್ಟು ಹೋದವರು. ನೀವಲ್ಲ. ಇದು ಅರ್ಥವಾಗಲು ನನಗೆ ಐವತ್ತಮೂರು ವರ್ಷ ಬೇಕಾಯಿತು. ನಿಮ್ಮ ಮಗಳಾಗಿ ಹುಟ್ಟಿ ನಾನೇ ಅವರ ಜೊತೆ ಸೇರಿಕೊಂಡೆ.

ಇಲ್ಲಿನ ಮದುವೆಗಳಲ್ಲಿ ಎರಡೂ ಕಡೆಯ ಹಿರಿಯರನ್ನು ವೇದಿಕೆಗೆ ಕರೆದು ಪರಿಚಯ ಮಾಡಿಕೊಡುವ ಪದ್ಧತಿ ಇದೆ. ನಿಮ್ಮನ್ನು ನಾನೇ ಕರೆಯುತ್ತೇನೆ ಎಂದು ನಿಶಿತಾಗೆ ಹೇಳಿದ್ದೇನೆ. ಸಂಘದ ಮುನ್ನೂರು ಜನರ ಎದುರಿಗೆ ನೀವು ಏನು ಕೆಲಸ ಮಾಡಿದಿರಿ ಎಂದು ಸರಿಯಾಗಿ ಹೇಳುತ್ತೇನೆ. ಆ ಹೊತ್ತಿಗೆ ನನ್ನ ಬಾಯಿ ಒಣಗುವುದಿಲ್ಲ ಎಂದು ಆಣೆ ಮಾಡಲಾರೆ. ಇಷ್ಟು ವರ್ಷದ ಅಂಜಿಕೆ ಒಂದು ವಾರದಲ್ಲಿ ಹೋಗುವುದಿಲ್ಲ. ಆದರೆ ಹೇಳುತ್ತೇನೆ. ಅದಕ್ಕೆ ನೀವು ಅಲ್ಲಿರಬೇಕು. ನನ್ನನ್ನು ಕ್ಷಮಿಸಿ ಎಂದು ಕೇಳುವುದು ಬೇರೆ, ನಿಶಿತಾಳ ಮೇಲೆ ಅಕ್ಷತೆ ಹಾಕಿ ಎಂದು ಕೇಳುವುದು ಬೇರೆ. ಮೊದಲನೆಯದು ಆಗದಿದ್ದರೂ ಎರಡನೆಯದಕ್ಕೆ ಬನ್ನಿ. ಗಿರೀಶ್ ತಾವೇ ಬೆಂಗಳೂರಿಗೆ ಬಂದು ನಿಮ್ಮನ್ನು ಕರೆತರಲು ತಯಾರಿದ್ದಾರೆ.

ಬಿಸಿಲಿಗೆ ಹೊರಗೆ ಓಡಾಡಬೇಡಿ, ಗುಳಿಗೆ ತಪ್ಪಿಸಬೇಡಿ. ನಿಮ್ಮ ಆಶೀರ್ವಾದ ನಿಶಿತಾ, ರೋಹಿತ್ ಇಬ್ಬರ ಮೇಲೂ ಇರಲಿ. ನನ್ನ ಮೇಲೂ ಇರಲಿ ಎಂದು ಕೇಳಲು ಸಂಕೋಚವಾಗುತ್ತದೆ, ಆದರೂ ಕೇಳುತ್ತಿದ್ದೇನೆ.

ನಿಮ್ಮ ಮಗಳು,
ಆಶಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಆಗದೆ ಕೊನೆಗೆ ಉಳಿಸಿಕೊಂಡದ್ದು. ಏರ್‌ಪೋರ್ಟಿನಲ್ಲಿ ಗಿರೀಶ್ ಟ್ರಾಲಿ ತರಲು ಹೋದಾಗ ನೀವು ನನ್ನ ಕಡೆ ತಿರುಗಿ, "ರುಚಿ ಹೆಂಗಿತ್ತವ್ವಾ?" ಎಂದು ಕೇಳಿದಿರಿ. ಸಿಟ್ಟಿನಿಂದ ಕೇಳಿದ್ದಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದು. ನಾನು ಯಾಕೆ ನೋಡಲಿ ಅಪ್ಪ, ಎಂದೆ. ನೀವು ತಲೆಯಾಡಿಸಿ ಒಳಗೆ ಹೋದಿರಿ.

ಅದೂ ಸುಳ್ಳು. ಸುರಿದದ್ದು ಇಪ್ಪತ್ತೈದು. ಮೊದಲನೆಯದನ್ನು ನಾನು ಸ್ಟೀಲಿನ ಲೋಟಕ್ಕೆ ಹಾಕಿಕೊಂಡು ಕುಡಿದೆ. ಕೆಟ್ಟಿದ್ದರೆ ಚೆಲ್ಲಲು ಒಂದು ನೆಪ ಸಿಗುತ್ತದೆ ಎಂದು. ಕೆಟ್ಟಿರಲಿಲ್ಲ. ತಿಳಿಯಾಗಿತ್ತು, ಕಹಿ ಹದವಾಗಿತ್ತು, ಕೊನೆಯಲ್ಲಿ ಹುರಿದ ರಾಗಿಯ ಪರಿಮಳ ಬಂತು. ಪೂರ್ತಿ ಕುಡಿದೆ. ಬಹಳ ಚೆನ್ನಾಗಿತ್ತು ಅಪ್ಪ. ಅದು ಗೊತ್ತಾದ ಮೇಲೆ ಉಳಿದದ್ದನ್ನು ಸುರಿದೆ.